ಸ್ತ್ರೀಯರ ಮುಷ್ಟಿಯುದ್ಧವೂ ಮೂಲೆಯಲ್ಲಿ ನಿಂತವರೂ

ನಮ್ಮ ಶಾಲೆಯ ಸಂಚಿಕೆಯಲ್ಲಿ ಹೊಲಿಗೆ, ಸಂಗೀತ, ಆರೋಗ್ಯ, ಗೃಹಕೃತ್ಯ ಮೊದಲಾದ ವಿಷಯಗಳ ಮೇಲಣ ಲೇಖನಗಳನ್ನು ಓದಿ ರೂಢಿಯಾದ ಸಹೋದರಿಯರು ಮುಷ್ಟಿಯುದ್ಧವೆಂಬ ಮಾತನ್ನು ಇಲ್ಲಿ ಕಂಡು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ನಾವು ಓದುತ್ತಿದ್ದ ಕಾಲದಲ್ಲಿ ಹುಡುಗಿಯರ ಆಟವೆಂದರೆ ಥ್ರೋಬಾಲ್, ಖೋ ಖೋ, ಹೆಚ್ಚೆಂದರೆ ಓಟದ ಪಂದ್ಯ. ಮುಷ್ಟಿ ಬಿಗಿದವಳಿಗೆ ಮೊಣಕಾಲೂರುವ ಶಿಕ್ಷೆಯೇ ಹೊರತು ಬಹುಮಾನವಿರಲಿಲ್ಲ. ಹೀಗಿರಲಾಗಿ ನಾನು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಾದ ಸಂಗತಿಯನ್ನು ಮೊದಲು ಅರಿಕೆಮಾಡುತ್ತೇನೆ.

ನಾನು ವಾಸಿಸುವುದು ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ. ರೇಷ್ಮೆಯ ಸಂಶೋಧನಾ ಸಂಸ್ಥೆಯೊಂದರಿಂದ ಹೆಸರಾಗಿದ್ದ ಈ ಊರು ಈಗ ಬೆಂಗಳೂರಿನೊಳಕ್ಕೆ ಸೇರಿಹೋಗಿದೆ. 2021ರ ಜನವರಿಯಲ್ಲಿ ಮೆಟ್ರೋ ರೈಲೂ ಬಂದಿತು. ಅಂಗಡಿಗಳ ಮೇಲಂತಸ್ತಿನಲ್ಲಿ ವ್ಯಾಯಾಮಶಾಲೆಗಳು ಎದ್ದಿವೆ. ನನಗಿಂತ ಕೆಲವು ವರ್ಷ ಕಿರಿಯಳಾದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ನಮ್ಮ ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ, “ಅಕ್ಕಾ, ನಮ್ಮ ಹುಡುಗಿ ಬಾಕ್ಸಿಂಗನ್ನೇ ಜೀವನೋಪಾಯ ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ. ಏಟು ತಿಂದು ದುಡ್ಡು ತರುವುದೂ ಒಂದು ಕೆಲಸವೇ?” ಎಂದು ಕೇಳಿದಳು. ಮಗಳು ತಾಯಿಯನ್ನು ಒಲಿಸಿಕೊಳ್ಳುವುದಕ್ಕೆಂದು “ಮಿಲಿಯನ್ ಡಾಲರ್ ಬೇಬಿ” ಎಂಬ ಅಮೇರಿಕಾ ದೇಶದ ಚಲಚ್ಚಿತ್ರವನ್ನು ತೋರಿಸಿದ್ದಳಂತೆ. ಫಲವು ತದ್ವಿರುದ್ಧವಾಯಿತು. ತಾಯಿಗೆ ಆ ರಾತ್ರಿ ನಿದ್ರೆಯಿಲ್ಲ. “ಅದೆಲ್ಲಾ ಇರಲಿ, ಆ ಸ್ಟೂಲು ಅಲ್ಲಿಗೆ ಯಾಕೆ ಬಂತು ಅಕ್ಕಾ?” ಎಂದು ಆಕೆ ಎರಡು ಸಲ ಕೇಳಿದಳು.

ಆ ಪ್ರಶ್ನೆಯು ಬಹಳ ಒಳ್ಳೆಯ ಪ್ರಶ್ನೆ. ನನ್ನ ತಮ್ಮನು ಕಾಲೇಜಿನಲ್ಲಿ ಬಾಕ್ಸಿಂಗ್ ಆಡುತ್ತಿದ್ದಾಗ ನಾನು ನೀರಿನ ಬಾಟಲಿ ಹಿಡಿದುಕೊಂಡು ಅವನ ಪಂದ್ಯಗಳಿಗೆ ಹೋಗುತ್ತಿದ್ದುದರಿಂದ ಆ ಸ್ಟೂಲಿನ ವಿಷಯ ನನಗೆ ತಕ್ಕಮಟ್ಟಿಗೆ ತಿಳಿದಿತ್ತು. ಮಿಕ್ಕುದನ್ನು ಆಮೇಲೆ ಓದಿ ತಿಳಿದುಕೊಂಡೆನು.

ಮುಷ್ಟಿಯುದ್ಧದ ಕಣವನ್ನು ರಿಂಗು ಎಂದು ಕರೆಯುತ್ತಾರೆ. ಹೆಸರೇನೋ ಉಂಗುರ, ಆದರೆ ಅದು ಹಗ್ಗ ಬಿಗಿದ ಚೌಕ. ನಾಲ್ಕು ಮೂಲೆಗಳಲ್ಲಿ ಎದುರುಬದುರಾದ ಎರಡು ಮೂಲೆಗಳು ಆಡುವವರಿಬ್ಬರಿಗೂ ತವರುಮನೆಯಿದ್ದಂತೆ. ಒಂದು ಸುತ್ತು ಮುಗಿದು ಗಂಟೆ ಬಾರಿಸಿದೊಡನೆ ಆಡುವವಳು ತನ್ನ ಮೂಲೆಗೆ ಬರುತ್ತಾಳೆ, ಅಲ್ಲಿ ಹಗ್ಗದ ಹೊರಗಿನಿಂದ ಒಂದು ಸ್ಟೂಲು ಒಳಕ್ಕೆ ಬರುತ್ತದೆ, ಅವಳು ಕುಳಿತುಕೊಳ್ಳುತ್ತಾಳೆ. ವಿಶ್ರಾಂತಿಗೆ ಇರುವುದು ಒಂದೇ ನಿಮಿಷ. ಆ ಒಂದು ನಿಮಿಷದಲ್ಲಿ ಅವಳ ಕಡೆಯವರು ಹಲ್ಲಿನ ಕವಚವನ್ನು ತೆಗೆದು ತೊಳೆಯಬೇಕು, ಒಂದು ಗುಟುಕು ನೀರು ಕೊಡಬೇಕು, ಊದಿದ ಕಡೆಗೆ ತಣ್ಣನೆಯ ಲೋಹದ ಬಿಲ್ಲೆಯನ್ನು ಒತ್ತಬೇಕು, ಹುಬ್ಬಿನ ಮೇಲೆ ಚರ್ಮ ಒಡೆದಿದ್ದರೆ ಅಡ್ರಿನಲಿನ್ ಔಷಧದಲ್ಲಿ ಅದ್ದಿದ ಹತ್ತಿಯಿಂದ ರಕ್ತವನ್ನು ನಿಲ್ಲಿಸಿ ಮೇಲೆ ವ್ಯಾಸಲಿನ್ ಸವರಬೇಕು. ಇಷ್ಟರ ನಡುವೆ ಹೇಳಬೇಕಾದ ಮಾತು ಎರಡೋ ಮೂರೋ. ಹೆಚ್ಚಾದರೆ ಅವಳ ಕಿವಿಗೆ ಹೋಗುವುದಿಲ್ಲ. ರಕ್ತ ನಿಲ್ಲಿಸುವುದೇ ಒಂದು ಪ್ರತ್ಯೇಕ ವಿದ್ಯೆ. ಅದಕ್ಕಾಗಿಯೇ ಸಂಬಳ ಪಡೆಯುವವರಿದ್ದಾರೆ. ಇನ್ನು ಎಲ್ಲಕ್ಕಿಂತ ದೊಡ್ಡ ಅಧಿಕಾರವೊಂದು ಮೂಲೆಯವರ ಕೈಯಲ್ಲಿದೆ. ತಮ್ಮವಳಿಗೆ ಇನ್ನು ಸಾಗದೆಂದು ಕಂಡಾಗ, ಅವಳು ಬೇಡವೆಂದರೂ, ಟವೆಲ್ಲನ್ನು ರಿಂಗಿನೊಳಕ್ಕೆ ಎಸೆದು ಸೋಲನ್ನೊಪ್ಪಿಕೊಳ್ಳಬಹುದು. ಕೊನೆಯ ತೀರ್ಮಾನ ರೆಫರಿಯದಾದರೂ ಅವಳನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಮೂಲೆಯವರೇ.

ಈ ಪದ್ಧತಿಯು ಪರದೇಶದ್ದಾದರೂ ಪೆಟ್ಟಿನ ಕಾಳಗವು ನಮ್ಮ ನಾಡಿಗೆ ಹೊಸದಲ್ಲ. ವಿಜಯದಶಮಿಯ ದಿನ ಮೈಸೂರಿನ ಅರಮನೆಯ ತೊಟ್ಟಿಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವುದನ್ನು ಅನೇಕರು ಬಲ್ಲರು. ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಇಬ್ಬರು ಎದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗವು ಮುಗಿಯಿತು, ಹಿರಿಯರು ಇಬ್ಬರನ್ನೂ ಬಿಡಿಸುತ್ತಾರೆ. ನೋಡುವುದಕ್ಕೆ ಬಾಕ್ಸಿಂಗಿಗಿಂತ ಭಯಂಕರವಾದ ಈ ಕಾಳಗವು ನಿಲ್ಲುವ ಸ್ಥಳದಲ್ಲಿಯೇ ಬಾಕ್ಸಿಂಗು ವ್ಯಾಸಲಿನ್ ಸವರಿಕೊಂಡು ಮುಂದುವರಿಯುತ್ತದೆ ಎಂಬುದನ್ನು ಗಮನಿಸಿರಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಡೊಮಿಂಗೋ ಪಾಯೆಸ್ ಎಂಬ ಪೋರ್ಚುಗೀಸನು ಮಹಾನವಮಿಯ ಮಲ್ಲರನ್ನು ಕಂಡು, ಇವರ ಕುಸ್ತಿ ತನ್ನ ದೇಶದ ಕುಸ್ತಿಯಂತಲ್ಲ, ಹಲ್ಲು ಮುರಿಯುವಂಥ, ಮುಖ ವಿಕಾರವಾಗುವಂಥ ಹೊಡೆತಗಳು ಇದರಲ್ಲಿವೆ ಎಂದು ಬರೆದಿಟ್ಟನು. ಆತನ ಬಳಿಕ ಬಂದ ನೂನಿಜ್ ಎಂಬ ವ್ಯಾಪಾರಿಯು ಅರಸನ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಒಂದು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ. ಆ ಹೆಂಗಸರ ಹೆಸರುಗಳನ್ನು ಅವನು ಹೇಳಲಿಲ್ಲ. ಹೇಳಿದ್ದರೆ ನಾವು ಎಷ್ಟು ಸಂತೋಷಪಡುತ್ತಿದ್ದೆವು! ಆ ಹಂಪೆಗೆ ಬಹುದೂರವಲ್ಲದ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ತೆರೆಯಲ್ಪಟ್ಟ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಸಂಸ್ಥೆಯಲ್ಲಿ ಕುಸ್ತಿಯ ಜೊತೆಗೆ ಬಾಕ್ಸಿಂಗೂ ಕಲಿಸುವ ವಿದ್ಯೆಯಾಗಿದೆ.

ಇನ್ನು ಆ ಚಲಚ್ಚಿತ್ರದ ಕಡೆಗೆ ಬರೋಣ. ಅದು 2004ರಲ್ಲಿ ಬಂದಿತು. ಕ್ಲಿಂಟ್ ಈಸ್ಟ್‌ವುಡ್ ಎಂಬವರು ನಿರ್ದೇಶಿಸಿ ಮುಖ್ಯ ಪಾತ್ರವನ್ನೂ ಮಾಡಿದರು. ಅತ್ಯುತ್ತಮ ಚಿತ್ರವೆಂಬುದೂ ಸೇರಿ ನಾಲ್ಕು ಆಸ್ಕರ್ ಬಹುಮಾನಗಳು ಅದಕ್ಕೆ ದೊರೆತವು. ಕಥೆಯ ಮೂಲವನ್ನು ಬರೆದಾತನು ಎಫ್. ಎಕ್ಸ್. ಟೂಲ್ ಎಂಬ ಹೆಸರನ್ನಿಟ್ಟುಕೊಂಡಿದ್ದ ಜೆರ್ರಿ ಬಾಯ್ಡ್. ಈತನು ಸ್ವತಃ ಮೂಲೆಯಲ್ಲಿ ನಿಂತು ರಕ್ತ ನಿಲ್ಲಿಸುವ ಕಸುಬಿನವನು. ಆತನ ಮೊದಲ ಪುಸ್ತಕವು ಅಚ್ಚಾದುದು 2000ದಲ್ಲಿ, ಎಪ್ಪತ್ತು ವರ್ಷದ ಹೊತ್ತಿಗೆ. ಚಿತ್ರವನ್ನು ನೋಡುವುದಕ್ಕೆ ಆತನು ಉಳಿಯಲಿಲ್ಲ, 2002ರಲ್ಲಿಯೇ ತೀರಿಕೊಂಡನು. ಮೂಲೆಯವನು ಬರೆದ ಕಥೆಯಾದಕಾರಣ ಅದರಲ್ಲಿ ಗುದ್ದಾಟಕ್ಕಿಂತ ಮೂಲೆಯ ಸಂಗತಿಗಳೇ ಹೆಚ್ಚು.

ಮ್ಯಾಗಿ ಎಂಬ ಬಡವಿ, ವಯಸ್ಸು 31, ಹೋಟೆಲಿನಲ್ಲಿ ಊಟ ಬಡಿಸುವವಳು. ಗಿರಾಕಿಗಳು ಬಿಟ್ಟ ಮಾಂಸದ ಚೂರನ್ನು ಕಟ್ಟಿಕೊಂಡು ಹೋಗಿ ತಿನ್ನುವವಳು. ಲಾಸ್ ಏಂಜಲೀಸ್ ಪಟ್ಟಣದ ಹಳೆಯದೊಂದು ಗರಡಿಗೆ ಬಂದು, ನನಗೆ ಕಲಿಸಿರೆಂದು ಫ್ರ್ಯಾಂಕಿ ಎಂಬ ಮುದುಕನನ್ನು ಬೇಡುತ್ತಾಳೆ. ಅವನು ಹುಡುಗಿಯರಿಗೆ ಕಲಿಸುವುದಿಲ್ಲವೆನ್ನುತ್ತಾನೆ. ಅವನ ಅಂಜಿಕೆಗೆ ಕಾರಣವಿದೆ. ಆ ಗರಡಿಯ ಕಸ ಗುಡಿಸುವ ಸ್ಕ್ರ್ಯಾಪ್ ಎಂಬಾತನು ಪೂರ್ವದಲ್ಲಿ ದೊಡ್ಡ ಮುಷ್ಟಿಮಲ್ಲ. ತನ್ನ 109ನೆಯ ಪಂದ್ಯದಲ್ಲಿ ಒಂದು ಕಣ್ಣನ್ನು ಕಳೆದುಕೊಂಡವನು. ಆ ರಾತ್ರಿ ಅವನ ಮ್ಯಾನೇಜರನು ಜಾಗದಲ್ಲಿರಲಿಲ್ಲ. ಮೂಲೆಯಲ್ಲಿದ್ದ ಫ್ರ್ಯಾಂಕಿಗೆ ರಕ್ತ ನಿಲ್ಲಿಸುವ ಕೆಲಸವಿತ್ತೇ ಹೊರತು ಪಂದ್ಯ ನಿಲ್ಲಿಸುವ ಅಧಿಕಾರವಿರಲಿಲ್ಲ. ಟವೆಲ್ಲು ಕೈಯಲ್ಲಿದ್ದೂ ಎಸೆಯಲಾರದೆ ಹೋದ ಮನುಷ್ಯನ ಕಥೆಯೆಂದು ಈ ಚಿತ್ರವನ್ನು ತಿಳಿದರೆ ಅದರ ಅರ್ಧ ಭಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೊನೆಗೆ ಅವನು ಒಪ್ಪಿ ಕಲಿಸುತ್ತಾನೆ. ಅವಳು ಗೆಲ್ಲುತ್ತಾ ಹೋಗುತ್ತಾಳೆ. ದುಡಿದ ಹಣದಿಂದ ತಾಯಿಗೆ ಮನೆ ಕೊಂಡುಕೊಡುತ್ತಾಳೆ. ತಾಯಿಯಾದವಳು, ಮನೆಯಿದ್ದರೆ ಸರಕಾರದ ಸಹಾಯಧನವು ನಿಂತುಹೋದೀತೆಂದು ಗೊಣಗುತ್ತಾಳೆ! ಈ ದೃಶ್ಯವನ್ನು ನೋಡುವಾಗ ನಮ್ಮ ಸ್ನೇಹಿತೆಯು ಮಗಳ ಮುಖವನ್ನು ನೋಡಲಾರದೆ ಹೋದಳಂತೆ. ಆ ಬಳಿಕ ಲಾಸ್ ವೇಗಾಸಿನಲ್ಲಿ ಪ್ರಪಂಚದ ಪದವಿಗಾಗಿ ಪಂದ್ಯ. ಸುತ್ತು ಮುಗಿದು ಗಂಟೆ ಬಾರಿಸಿದೆ. ಮ್ಯಾಗಿ ಬೆನ್ನು ತಿರುಗಿಸಿದ್ದಾಳೆ. ಎದುರಾಳಿಯು ನಿಯಮವನ್ನು ಮೀರಿ ಹಿಂದಿನಿಂದ ಹೊಡೆಯುತ್ತಾಳೆ. ವಿಶ್ರಾಂತಿಗೆಂದು ಆಗಲೇ ಒಳಕ್ಕೆ ಬಂದಿದ್ದ ಸ್ಟೂಲಿನ ಮೇಲೆ ಅವಳ ಕುತ್ತಿಗೆ ಬೀಳುತ್ತದೆ. ಫ್ರ್ಯಾಂಕಿ ಅದನ್ನು ಎಳೆದುಕೊಳ್ಳಲು ಕೈ ಚಾಚುತ್ತಾನೆ, ಸಿಗುವುದಿಲ್ಲ. ಕುತ್ತಿಗೆಯಿಂದ ಕೆಳಗೆ ಅವಳಿಗೆ ಮೈಯಿಲ್ಲ. ಸ್ಟೂಲು ಅಲ್ಲಿಗೆ ಯಾಕೆ ಬಂದಿತೆಂದರೆ, ಅವಳ ಮೂಲೆಯವರು ಅವಳನ್ನು ಬೇಗನೆ ಕೂರಿಸಿ ಉಪಚರಿಸಬೇಕೆಂದು ಆತುರಪಟ್ಟರು, ಆದುದರಿಂದ ಬಂದಿತು.

ಚಿತ್ರದ ಕೊನೆಯಲ್ಲಿ ಅವಳು ತನ್ನ ಪ್ರಾಣವನ್ನು ತೆಗೆಯೆಂದು ಫ್ರ್ಯಾಂಕಿಯನ್ನೇ ಬೇಡುತ್ತಾಳೆ. ಪಾದ್ರಿಯು ಬೇಡವೆಂದು ಎಚ್ಚರಿಸಿದರೂ ಅವನು ಹಾಗೆಯೇ ಮಾಡುತ್ತಾನೆ. ಅಂಗವಿಕಲರ ಸಂಘಗಳವರು ಈ ಅಂತ್ಯವನ್ನು ಆಕ್ಷೇಪಿಸಿ ಪ್ರತಿಭಟಿಸಿದರು. ಮೈ ಮರಗಟ್ಟಿದವರ ಬಾಳು ಬಾಳಲ್ಲವೆಂದು ಹೇಳಿದಂತಾಯಿತೆಂಬ ಅವರ ಮಾತಿನಲ್ಲಿ ಹುರುಳಿದೆಯೆಂದೇ ನನಗೂ ತೋರುತ್ತದೆ. ಇನ್ನೊಂದು ವಿಚಿತ್ರ: ಆ ಕ್ರೂರಳಾದ ಎದುರಾಳಿಯ ಪಾತ್ರವನ್ನು ಮಾಡಿದ ಲೂಸಿಯಾ ರೈಕರ್ ನಟಿಯಲ್ಲ, ಹಾಲೆಂಡಿನ ನಿಜವಾದ ಮುಷ್ಟಿಯೋಧೆ. ಬಾಕ್ಸಿಂಗಿನ ಅಂತರರಾಷ್ಟ್ರೀಯ ಕೀರ್ತಿಮಂದಿರಕ್ಕೆ ಮೊಟ್ಟಮೊದಲು 2020ನೆಯ ವರ್ಷದ ಪಟ್ಟಿಯಲ್ಲಿ ಸ್ತ್ರೀಯರನ್ನು ಆರಿಸಿದಾಗ ಅವಳ ಹೆಸರೂ ಅದರಲ್ಲಿತ್ತು.

ಸಿನೆಮಾದ ಕಥೆಯಾಯಿತು. ನಿಜವಾಗಿ ನಡೆದುದು ಇದಕ್ಕಿಂತ ಭಯಂಕರವಾಗಿದೆ. ಅಲ್ಲಿಯೂ ಕೇಡು ಬಂದುದು ಎದುರಾಳಿಯಿಂದಲ್ಲ. ಅದೇ ಪಟ್ಟಿಯಲ್ಲಿದ್ದ ಕ್ರಿಸ್ಟಿ ಮಾರ್ಟಿನ್ ಎಂಬವಳು ಪಶ್ಚಿಮ ವರ್ಜೀನಿಯಾ ಪ್ರಾಂತದ ಕಲ್ಲಿದ್ದಲ ಗಣಿಯ ಕೂಲಿಯ ಮಗಳು. ಅವಳಿಗೆ ಬಾಕ್ಸಿಂಗ್ ಕಲಿಸಿದ ಜಿಮ್ ಮಾರ್ಟಿನ್ ಎಂಬಾತನೇ ಅವಳನ್ನು ಮದುವೆಯಾದನು. ಶಿಕ್ಷಕನೂ ಅವನೇ, ಮ್ಯಾನೇಜರನೂ ಅವನೇ, ಮೂಲೆಯಲ್ಲಿ ನಿಲ್ಲುವವನೂ ಅವನೇ. 1996ರ ಮಾರ್ಚಿ 16ರಂದು ಮೈಕ್ ಟೈಸನ್ನನ ಪಂದ್ಯಕ್ಕೆ ಮುಂಚೆ ಅವಳು ಐರ್ಲೆಂಡಿನ ಡೀರ್ಡ್ರಾ ಗೋಗರ್ಟಿಯೊಡನೆ ಮೂಗಿನಿಂದ ರಕ್ತ ಸುರಿಯುತ್ತಿದ್ದಂತೆಯೇ ಹೋರಾಡಿ ಗೆದ್ದಳು. ಸ್ತ್ರೀಯರ ವೃತ್ತಿ ಬಾಕ್ಸಿಂಗನ್ನು ಲೋಕವು ಮೊದಲು ಗಂಭೀರವಾಗಿ ಕಂಡುದು ಆ ದಿನ. ಆ ರಾತ್ರಿ ಟೈಸನ್ನನಿಗೆ ಮೂರು ಕೋಟಿ ಡಾಲರು; ಅವಳಿಗೆ 15,000. ಹೆಸರು ಬಂದಿತು, ಹಣವೂ ಬಂದಿತು. ಹಣದ ಲೆಕ್ಕವೆಲ್ಲವೂ ಗಂಡನ ಕೈಯಲ್ಲಿ. 2010ರ ನವೆಂಬರಿನಲ್ಲಿ ಅವಳು ಅವನನ್ನು ಬಿಟ್ಟುಹೋಗುವೆನೆಂದಾಗ ಅವನು ಅವಳನ್ನು ಚೂರಿಯಿಂದ ಇರಿದು, ಅವಳ ಪಿಸ್ತೂಲಿನಿಂದಲೇ ಅವಳಿಗೆ ಗುಂಡು ಹಾರಿಸಿದನು. ಅವಳು ತೆವಳಿಕೊಂಡು ಹೊರಗೆ ಬಂದು ದಾರಿಯಲ್ಲಿ ಹೋಗುತ್ತಿದ್ದ ಕಾರನ್ನು ನಿಲ್ಲಿಸಿ ಬದುಕಿಕೊಂಡಳು. ಅವನಿಗೆ 2012ರಲ್ಲಿ 25 ವರ್ಷಗಳ ಸೆರೆಮನೆಯಾಯಿತು. ಅಲ್ಲಿಯೇ 2024ರಲ್ಲಿ ಸತ್ತನು. ರಿಂಗಿನೊಳಗೆ ಯಾರೂ ಮಾಡದಿದ್ದುದನ್ನು ಅವಳ ಮೂಲೆಯವನು ಮಾಡಿದನು. ಅವಳ ಜೀವನವನ್ನು ಕುರಿತು 2025ರಲ್ಲಿ “ಕ್ರಿಸ್ಟಿ” ಎಂಬ ಚಿತ್ರವೂ ಬಂದಿದೆ.

ಇಲ್ಲಿ ಹವ್ಯಾಸಿ ಪಂದ್ಯಕ್ಕೂ ವೃತ್ತಿಯ ಪಂದ್ಯಕ್ಕೂ ಇರುವ ಭೇದವನ್ನು ಹೇಳದಿದ್ದರೆ ತಾಯಿತಂದೆಗಳಿಗೆ ಗೊಂದಲವಾದೀತು. ಒಲಿಂಪಿಕ್ ಪದಕಕ್ಕಾಗಿ ಆಡುವುದು ಹವ್ಯಾಸಿ ಪಂದ್ಯ: ಮೂರು ನಿಮಿಷದ ಮೂರೇ ಸುತ್ತುಗಳು, ಹೆಂಗಸರ ತಲೆಗೆ ಮೆತ್ತನೆಯ ಕವಚವುಂಟು, ಕಳುಹಿಸುವುದು ದೇಶದ ಸಂಘ. ವೃತ್ತಿಯ ಪಂದ್ಯದಲ್ಲಿ ತಲೆಗೆ ಕವಚವಿಲ್ಲ. ಹೆಂಗಸರಿಗೆ ಸಾಮಾನ್ಯವಾಗಿ ಎರಡು ನಿಮಿಷದ ಸುತ್ತುಗಳು, ಪದವಿಯ ಪಂದ್ಯವಾದರೆ ಹತ್ತು. ಗಂಡಸರಿಗೆ ಮೂರು ನಿಮಿಷದ ಹನ್ನೆರಡು. ಇಲ್ಲಿ ದೇಶವಿಲ್ಲ, ಕರಾರುಪತ್ರವಿದೆ. ಪಂದ್ಯವನ್ನು ಏರ್ಪಡಿಸುವ ವ್ಯಾಪಾರಿ ಒಬ್ಬ, ಮ್ಯಾನೇಜರ್ ಒಬ್ಬ, ಶಿಕ್ಷಕ ಒಬ್ಬ. ಬಂದ ಹಣದಲ್ಲಿ ಅಮೇರಿಕೆಯ ಪದ್ಧತಿಯಂತೆ ಮ್ಯಾನೇಜರನಿಗೆ ಮೂರನೆಯ ಒಂದು ಪಾಲಿನವರೆಗೂ, ಶಿಕ್ಷಕನಿಗೆ ಹತ್ತನೆಯ ಒಂದು ಪಾಲೂ ಹೋಗುವುದುಂಟು. ಪೆಟ್ಟಿನ ಪಾಲು ಮಾತ್ರ ಹಂಚಿಕೆಯಾಗುವುದಿಲ್ಲ. ಮೆದುಳಿಗೆ ಆಗುವ ಆಘಾತವು ಹೊರಗೆ ಗಾಯವಾಗಿ ತೋರುವುದಿಲ್ಲವಾದಕಾರಣ, ತಲೆಗೆ ಪೆಟ್ಟು ಬಿದ್ದವಳನ್ನು ವೈದ್ಯರ ಅಪ್ಪಣೆಯಿಲ್ಲದೆ ಮತ್ತೆ ರಿಂಗಿಗೆ ಇಳಿಸಬಾರದು. ಇಳಿಸಬೇಡಿರೆಂದು ಹೇಳುವವರು ಯಾರು? ಹಣದಲ್ಲಿ ಪಾಲುಳ್ಳವನೇ ಹೇಳಬೇಕಾಗಿ ಬರುವುದು ಈ ವೃತ್ತಿಯ ದೊಡ್ಡ ತೊಡಕು.

ಇಷ್ಟೆಲ್ಲಾ ಅಪಾಯವಿರುವಾಗ ಹೆಂಗಸರಿಗೆ ಇದನ್ನು ನಿಷೇಧಿಸಿಬಿಟ್ಟರೆ ಆಯಿತಲ್ಲವೇ ಎಂದು ಕೆಲವರು ಕೇಳಬಹುದು. ಬಹುಕಾಲ ಹಾಗೆಯೇ ಇತ್ತು. ಇಂಗ್ಲೆಂಡಿನ ಜೇನ್ ಕೌಚ್ ಎಂಬವಳು 1996ರಲ್ಲಿಯೇ ಪರದೇಶದಲ್ಲಿ ಗೆದ್ದು ಪದವಿಯನ್ನು ಪಡೆದಿದ್ದರೂ ಸ್ವದೇಶದ ಬಾಕ್ಸಿಂಗ್ ಮಂಡಳಿಯು ಅವಳಿಗೆ ಲೈಸೆನ್ಸು ಕೊಡಲೊಲ್ಲದು. ಅವಳು ನ್ಯಾಯಮಂಡಲಿಗೆ ಹೋದಳು. ತಿಂಗಳ ಮುಟ್ಟಿನ ಮುಂಚೆ ಹೆಂಗಸರ ಚಿತ್ತವು ಸ್ಥಿರವಾಗಿರುವುದಿಲ್ಲವೆಂಬುದು ಮಂಡಳಿಯು ಒಡ್ಡಿದ ವಾದಗಳಲ್ಲೊಂದು! ಈ ಮಾತನ್ನು ಓದಿ ನಮ್ಮ ಸ್ನೇಹಿತೆಗೆ ಅಂದು ಮೊದಲ ಸಲ ನಗು ಬಂದಿತು. 1998ರಲ್ಲಿ ತೀರ್ಪು ಕೌಚಳ ಪಾಲಿಗಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅವಳು ಲಂಡನ್ನಿನಲ್ಲಿ ಲೈಸೆನ್ಸಿನೊಂದಿಗೆ ಆಡಿದಳು. ಲೈಸೆನ್ಸೆಂದರೆ ಬರಿಯ ಅನುಮತಿಯಲ್ಲ. ಅದಿದ್ದ ಪಂದ್ಯಕ್ಕೆ ವೈದ್ಯನು ಬರಬೇಕು, ಮೂಲೆಯವನೂ ಪರೀಕ್ಷೆಗೊಳಪಟ್ಟವನಾಗಿರಬೇಕು. ನಿಷೇಧಿಸಿದಾಗ ನಿಲ್ಲುವುದು ಆಟವಲ್ಲ, ವೈದ್ಯನ ಹಾಜರಿ.

ಈಚೆಗೆ ಕಾಲವೂ ಬದಲಾಯಿಸಿದೆ. 2022ರ ಏಪ್ರಿಲ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಿನಲ್ಲಿ ಕೇಟಿ ಟೇಲರ್, ಅಮಾಂಡಾ ಸೆರಾನೋ ಎಂಬ ಇಬ್ಬರು ಸ್ತ್ರೀಯರ ಪಂದ್ಯವೇ ಆ ರಾತ್ರಿಯ ಮುಖ್ಯ ಪಂದ್ಯವಾಗಿತ್ತು. ಇಬ್ಬರಿಗೂ ಹತ್ತು ಲಕ್ಷ ಡಾಲರಿಗೆ ಕಡಮೆಯಿಲ್ಲದೆ ದೊರೆಯಿತೆಂದು ಪತ್ರಿಕೆಗಳು ಬರೆದವು. ಸಿನೆಮಾದ ಹೆಸರಿನಲ್ಲಿದ್ದ ಮೊತ್ತವು 18 ವರ್ಷಗಳಲ್ಲಿ ನಿಜವಾಯಿತು.

ನಮ್ಮ ದೇಶದಲ್ಲಿ ಮಣಿಪುರದ ಸರಿತಾ ದೇವಿಯವರು 2017ರ ಜನವರಿ 29ರಂದು ಇಂಫಾಲದಲ್ಲಿ ಹಂಗೆರಿಯ ಯುವತಿಯೊಬ್ಬಳನ್ನು ಗೆದ್ದು ವೃತ್ತಿಯ ರಿಂಗಿಗೆ ಕಾಲಿಟ್ಟರು. ಆದರೆ ಇಲ್ಲಿ ವೃತ್ತಿಯ ಪಂದ್ಯಗಳು ಇನ್ನೂ ವಿರಳ. ನಮ್ಮ ಹುಡುಗಿಯರ ಹೆಸರು ಬೆಳಗಿರುವುದು ಹವ್ಯಾಸಿ ಪಂದ್ಯಗಳಲ್ಲಿಯೇ. ಅವರಲ್ಲಿ ಹಿರಿಯರಾದ ಮೇರಿ ಕೋಮ್ ಅವರು ನಮ್ಮಂತೆಯೇ ಮಿಶನ್ ಶಾಲೆಯ ವಿದ್ಯಾರ್ಥಿನಿ. ಮೊಯಿರಾಂಗಿನ ಲೋಕ್ತಕ್ ಕ್ರಿಶ್ಚಿಯನ್ ಮಾಡೆಲ್ ಹೈಸ್ಕೂಲಿನಲ್ಲಿಯೂ ಆಮೇಲೆ ಸೇಂಟ್ ಝೇವಿಯರ್ ಶಾಲೆಯಲ್ಲಿಯೂ ಓದಿದವರು. ಅವರು ಬಾಕ್ಸಿಂಗ್ ಕಲಿಯುತ್ತಿದ್ದುದು ಮನೆಯವರಿಗೆ ತಿಳಿದಿರಲಿಲ್ಲ. 2000ದಲ್ಲಿ ರಾಜ್ಯದ ಪಂದ್ಯವನ್ನು ಗೆದ್ದಾಗ ಪತ್ರಿಕೆಯಲ್ಲಿ ಬಂದ ಚಿತ್ರದಿಂದ ತಂದೆಗೆ ತಿಳಿಯಿತು. ಮುಖಕ್ಕೆ ಗಾಯವಾದರೆ ಮಗಳನ್ನು ಯಾರು ಮದುವೆಯಾಗುವರೆಂದು ಅವರು ಕಳವಳಪಟ್ಟರು. ಆ ತಂದೆಯೂ ಯೌವನದಲ್ಲಿ ಕುಸ್ತಿಯಾಡಿದವರೆಂಬುದು ವಿನೋದ. ಅಲ್ಲಿಂದ ಮುಂದೆ ಮಗಳು ಆರು ಸಲ ಪ್ರಪಂಚದ ಪದವಿಯನ್ನೂ 2012ರಲ್ಲಿ ಲಂಡನ್ ಒಲಿಂಪಿಕ್ಸಿನ ಕಂಚಿನ ಪದಕವನ್ನೂ ತಂದರು. ಸ್ತ್ರೀಯರ ಬಾಕ್ಸಿಂಗಿಗೆ ಒಲಿಂಪಿಕ್ಸಿನಲ್ಲಿ ಪದಕವಿಟ್ಟುದು ಅದೇ ಮೊದಲು.

ನಮ್ಮ ನೆರೆಯ ತಮಿಳಿನಲ್ಲಿ ಸುಧಾ ಕೊಂಗರ ಎಂಬ ಮಹಿಳೆ ನಿರ್ದೇಶಿಸಿದ “ಇರುದಿ ಸುಟ್ರು” ಎಂಬ ಚಿತ್ರವು 2016ರಲ್ಲಿ ಬಂದಿತು. ಮೀನು ಮಾರುವ ಹುಡುಗಿಯೊಬ್ಬಳು ಬಾಕ್ಸಿಂಗ್ ಕಲಿಯುವ ಕಥೆ. ಇದು ಹವ್ಯಾಸಿ ಪಂದ್ಯದ ಕಥೆಯಾದರೂ ಹುಡುಗಿಯರನ್ನು ಆರಿಸುವ ಅಧಿಕಾರಿಯ ಕೆಟ್ಟ ದೃಷ್ಟಿಯನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ನಾಯಕಿಯಾದ ರಿತಿಕಾ ಸಿಂಗ್ ನಿಜವಾಗಿಯೂ ಕಾದಾಟದ ವಿದ್ಯೆಯನ್ನು ಕಲಿತವಳಾದ್ದರಿಂದ ಗುದ್ದುಗಳಲ್ಲಿ ನಟನೆಯ ಸೋಗಿಲ್ಲ. ಮಗಳೊಡನೆ ಮೊದಲು ನೋಡುವುದಾದರೆ ಇದನ್ನೇ ನೋಡಿರೆಂದು ನಾನು ಹೇಳುವೆನು. ಭಾಷೆಯ ನೆರೆತನದಿಂದ ಮಾತ್ರವಲ್ಲ, ಅಲ್ಲಿನ ಬಡತನವೂ ಕಚೇರಿಗಳ ಸ್ವಭಾವವೂ ನಮಗೆ ಗುರುತಿರುವಂಥವು.

ಇದಿಷ್ಟನ್ನು ನಾನು ಎರಡು ಮೂರು ಸಂಜೆಗಳಲ್ಲಿ ಸ್ನೇಹಿತೆಗೆ ಹೇಳಿದೆನು. ಹುಡುಗಿಯನ್ನು ತಡೆಯೆಂದಾಗಲಿ ಕಳುಹಿಸೆಂದಾಗಲಿ ನಾನು ಹೇಳಲಿಲ್ಲ. ಆಕೆ ಮಾರನೆಯ ಶನಿವಾರ ತಾನೇ ವ್ಯಾಯಾಮಶಾಲೆಯ ಮೆಟ್ಟಿಲು ಹತ್ತಿ, ಕಲಿಸುವವರನ್ನು ಕಂಡು, ಪಂದ್ಯಕ್ಕೆ ಹೋಗುವಾಗ ಹುಡುಗಿಯರ ಜೊತೆಗೆ ಯಾರು ಬರುತ್ತಾರೆ, ರಾತ್ರಿ ಎಲ್ಲಿ ಇರಿಸುತ್ತಾರೆ, ತಲೆಗೆ ಪೆಟ್ಟಾದರೆ ಯಾವ ವೈದ್ಯರು, ಕಾಗದಕ್ಕೆ ಸಹಿ ಹಾಕಬೇಕಾದರೆ ಅದನ್ನು ಮನೆಗೆ ತಂದು ಓದಬಹುದೇ ಎಂದು ವಿಚಾರಿಸಿದಳಂತೆ. ಅವರು ಬೇಸರಿಸಲಿಲ್ಲವಂತೆ, ಇಷ್ಟು ಕೇಳಿದ ತಾಯಿ ನೀವೇ ಮೊದಲು ಎಂದರಂತೆ. ವೃತ್ತಿಯ ಮಾತು ಹದಿನೆಂಟು ತುಂಬಿದ ಮೇಲೆ ಎಂದು ತಾಯಿ ಮಗಳಿಬ್ಬರೂ ಒಪ್ಪಂದ ಮಾಡಿಕೊಂಡಿದ್ದಾರೆ. ಮಗಳಿಗೆ ಇನ್ನೂ ಹದಿನಾರು.

ಈಗ ವಾರವಾರವೂ ಆಕೆ ಗೋಡೆಯ ಬದಿಯ ಬೆಂಚಿನ ಮೇಲೆ ನೀರಿನ ಬಾಟಲಿಯೊಡನೆ ಕುಳಿತಿರುತ್ತಾಳೆ. ಗವುಸಿನೊಳಗೆ ಕೈಗೆ ಸುತ್ತುವ ಬಟ್ಟೆಯ ಪಟ್ಟಿಯನ್ನು ಸುತ್ತುವುದಕ್ಕೂ ಕಲಿತಿದ್ದಾಳೆ. ಮೊನ್ನೆ ನಮ್ಮ ಮನೆಗೆ ಬಂದಾಗ ನನ್ನ ಕೈಗೇ ಅದನ್ನು ಸುತ್ತಿ, ಬಿಗಿಯಾದರೆ ಬೆರಳು ಜೋಮು ಹಿಡಿಯುತ್ತದೆ, ಸಡಿಲವಾದರೆ ಮಣಿಕಟ್ಟು ಉಳುಕುತ್ತದೆ ಎಂದು ಪಾಠ ಹೇಳಿದಳು. ಆ ದಿನ ಕಾಫಿಯನ್ನು ಪೂರ್ತಿ ಕುಡಿದಳು.